ಒಂದೇ ಎತ್ತರದ ಎರಡು ಕುರ್ಚಿ

ಜನರ ಮಾತು ಕೇಳಲು ಹೊರಟವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ ಎಂದು ನಮ್ಮ ಕೋರ್ಸಿನ ಮೇಡಂ ಮೊದಲ ದಿನವೇ ಹೇಳಿದ್ದರಂತೆ. ನಾನು ಅದನ್ನೂ ಕೇಳಿಸಿಕೊಂಡಿರಲಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನು ಬರ್ಮಿಂಗ್‌ಹ್ಯಾಮ್ ಕಡೆಯ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ನನ್ನ ಪೇಷಂಟ್‌ಗಳು ನನ್ನೊಡನೆ ಮಾತಾಡುವುದು ಹತ್ತರಿಂದ ಹಿಂದಕ್ಕೆ ಎಣಿಸುವಾಗ ಮಾತ್ರ. ಅದರಲ್ಲೂ ಏಳು ದಾಟಿದವರು ಕಡಿಮೆ. ಹೀಗಿರುವಾಗ ಜೂನಿಯರ್ ಡಾಕ್ಟರುಗಳು ಫೀಡ್‌ಬ್ಯಾಕ್ ಫಾರಂನಲ್ಲಿ, "ಇವರು ಚೆನ್ನಾಗಿ ಕಲಿಸುತ್ತಾರೆ, ಆದರೆ ಕೇಳಿಸಿಕೊಳ್ಳುವುದಿಲ್ಲ" ಎಂದು ಬರೆದುಬಿಟ್ಟರು. ವಿಭಾಗದ ಮುಖ್ಯಸ್ಥೆ ನನ್ನನ್ನು ಕರೆಸಿದರು. ಎದುರಿನವರ ಮಾತು ಕೇಳಿ, ಅವರೇ ದಾರಿ ಕಂಡುಕೊಳ್ಳಲು ನೆರವಾಗುವ ಕೋಚಿಂಗ್ ಕೋರ್ಸ್ ಪಾಸಾಗಬೇಕು, ಇಲ್ಲವಾದರೆ ಜೂನಿಯರ್‌ಗಳಿಗೆ ಕಲಿಸುವ ಕೆಲಸ ಬೇರೆಯವರಿಗೆ ಎಂದರು. ಆಸ್ಪತ್ರೆಯಲ್ಲಿ ನಾನು ಮನಸಾರೆ ಪ್ರೀತಿಸುವ ಕೆಲಸ ಅದೊಂದೇ.

ಕೋರ್ಸಿನಲ್ಲಿ ಪ್ರತಿಯೊಬ್ಬರೂ ತಮ್ಮದೇ ಒಂದು ಮಾದರಿ ಕಟ್ಟಿ, ಕ್ಲೈಂಟ್‌ಗಳನ್ನು ಕರೆಸಿ ಪ್ರಯೋಗಿಸಿ, ಮೇಡಂಗೆ ವರದಿ ಕಳಿಸಬೇಕು. ನಾನು ಕಟ್ಟಿದ್ದು ಸಮಪಾಲುದಾರಿಕೆಯ ಮಾದರಿ. ಕೋಚ್ ಮೇಲಲ್ಲ, ಕ್ಲೈಂಟ್ ಕೆಳಗಲ್ಲ. ಉಪದೇಶವಿಲ್ಲ, ಪ್ರಶ್ನೆ ಮಾತ್ರ. ಇದಕ್ಕಾಗಿ ಸೊಲಿಹಲ್‌ನ ನಮ್ಮ ಮನೆಯ ಮುಂದಿನ ಕೋಣೆಗೆ ಒಂದೇ ಎತ್ತರದ ಎರಡು ಕುರ್ಚಿ ತಂದೆ. ಟೇಪ್ ಹಿಡಿದು ಅಳೆದೂ ನೋಡಿದೆ.

ನನ್ನ ಹೆಂಡತಿ ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರು. ಹತ್ತು ನಿಮಿಷಕ್ಕೊಬ್ಬ ಪೇಷಂಟನ್ನು ನೋಡಿ ಮುಗಿಸುವವಳು. ಅವಳ ಅಪಾಯಿಂಟ್‌ಮೆಂಟ್ ಬೇಕೆಂದರೆ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡಬೇಕು, ಎಂಟೂ ಐದಕ್ಕೆಲ್ಲ ಮುಗಿದುಹೋಗಿರುತ್ತವೆ. ಅವಳು ಬಾಗಿಲಲ್ಲಿ ನಿಂತು, "ಕುರ್ಚಿ ಸಮ ಆಯ್ತು. ನೀವು?" ಎಂದಳು.

ಕಾರ್ಪೆಟ್

ಮೊದಲ ಕ್ಲೈಂಟ್ ನಾಟಿಂಗ್‌ಹ್ಯಾಮಿನಿಂದ ಬಂದ ಕನ್ನಡದ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು.

"ಕೂತ್ಕೊಳ್ಳಿ."

"ಪರವಾಗಿಲ್ಲ ಸರ್, ನಿಂತಿರ್ತೀನಿ."

ನಾವಿಬ್ಬರೂ ಸಮಪಾಲುದಾರರು ಎಂದು ವಿವರಿಸಿದೆ. ಅವರು ಭಕ್ತಿಯಿಂದ ತಲೆಯಾಡಿಸಿ, ಕಾಲಿಡುವ ಪುಟ್ಟ ಸ್ಟೂಲಿನ ಮೇಲೆ ಕೂತರು. ಸಮಾನತೆ ಕಾಪಾಡುವುದು ನನ್ನ ಹೊಣೆಯಲ್ಲವೇ? ನಾನು ಕುರ್ಚಿಯಿಂದಿಳಿದು ಕಾರ್ಪೆಟ್ ಮೇಲೆ ಕೂತೆ. "ಅಯ್ಯೋ ಸರ್, ನೀವು ಕೆಳಗಾ!" ಎಂದು ಅವರೂ ಕಾರ್ಪೆಟ್ಟಿಗೆ ಬಂದು ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಅವರು ಇನ್ನಷ್ಟು ಬಾಗಿದರು.

ಅಷ್ಟರಲ್ಲಿ ಹೆಂಡತಿ ಟೀ ತಂದಳು. ಕುರ್ಚಿ ಎರಡೂ ಖಾಲಿ, ಡಾಕ್ಟರುಗಳಿಬ್ಬರ ಮೂಗು ನೆಲದಲ್ಲಿ. ಅವಳೂ ಮಂಡಿಯೂರಿ, "ಏನು ಬಿತ್ತು?" ಎಂದಳು. ಏನೂ ಬಿದ್ದಿಲ್ಲ ಎನ್ನಲು ಇಬ್ಬರಿಗೂ ನಾಚಿಕೆ. ಮೂವರೂ ಹುಡುಕಿದೆವು. ಸೋಫಾ ಕೆಳಗೆ, ಹೋದ ವರ್ಷ ಕಳೆದಿದ್ದ ನನ್ನ ಕಾರಿನ ಕೀಲಿ ಸಿಕ್ಕಿತು. ನನ್ನ ಮಾದರಿಯಿಂದ ಆದ ಮೊದಲ ಪ್ರಯೋಜನ ಅದು.

ಡಬ್ಬಿ

ಎರಡನೆಯವರು ನಾಲ್ಕು ಬೀದಿ ಆಚೆಯ ಧಾರವಾಡದ ಮಹಿಳೆ. ಮತ್ತೆ ಕೆಲಸಕ್ಕೆ ಸೇರಬೇಕೇ ಬೇಡವೇ ಎಂಬುದು ಅವರ ಪ್ರಶ್ನೆ. "ಬರಿಗೈಲೆ ಹ್ಯಾಂಗ ಬರೋದ್ರಿ?" ಎಂದು ಮೊದಲ ದಿನ ಒಂದು ಸ್ಟೀಲ್ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದರು. ಖಾಲಿ ಡಬ್ಬಿ ಹಿಂದಿರುಗಿಸುವುದುಂಟೇ? ನನ್ನ ಹೆಂಡತಿ ಅದರ ತುಂಬ ಕೋಡುಬಳೆ ಹಾಕಿ ಕಳಿಸಿದಳು. ಮುಂದಿನ ವಾರ ಡಬ್ಬಿ ಕರದಂಟಿನೊಡನೆ ಬಂತು, ಮೈಸೂರುಪಾಕಿನೊಡನೆ ಹೋಯಿತು. ಅವರ ಅಡುಗೆಮನೆಯಲ್ಲೂ ನಮ್ಮಲ್ಲೂ ವಾರವೆಲ್ಲ ಬಾಣಲೆ ಇಳಿಯಲಿಲ್ಲ. ಸೆಷನ್‌ನಲ್ಲಿ ಪಾಕದ ಹದದ್ದೇ ಮಾತು.

ಐದನೆಯ ವಾರ ನಾನು ಗಟ್ಟಿ ಮನಸ್ಸು ಮಾಡಿದೆ. "ಇವತ್ತು ನಿಮ್ಮ ಗುರಿ ಏನು ಅಂತ ನೀವೇ ಹೇಳಬೇಕು."

ಅವರು ಡಬ್ಬಿಯನ್ನು ನನ್ನತ್ತ ಸರಿಸಿದರು. ದನಿ ಸಣ್ಣದಾಯಿತು. "ಡಾಕ್ಟರ್ರೀ, ಆ ಡಬ್ಬಿ ನಿಮ್ಮ ಮನ್ಯಾಗ ಇಟ್ಕೊಂಡುಬಿಡ್ರಿ. ಮಾಡಿ ಮಾಡಿ ಸಾಕಾಗೇದ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ದೇವರು ಒಳ್ಳೇದು ಮಾಡ್ಲಿ, ಮೊದಲೇ ಹೇಳಬಾರದಾ!"

"ಕ್ಲೈಂಟ್ ತನ್ನ ಗುರಿಯನ್ನು ತಾನೇ ಕಂಡುಕೊಂಡರು, ಅಂದೇ ಸಾಧಿಸಿದರು" ಎಂದು ಬರೆದು ಕಳಿಸಿದೆ. ಮೇಡಂ "ಅದ್ಭುತ" ಎಂದು ಗುರುತು ಹಾಕಿದರು.

ಪ್ರಶ್ನೆ ಮಾತ್ರ

ಮೂರನೆಯವರು ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿರುವ ಕಲಬುರಗಿಯ ಇಂಜಿನಿಯರ್, ಹಳೆಯ ಸ್ನೇಹಿತರು.

"ಮ್ಯಾಂಚೆಸ್ಟರ್ ಬಿಟ್ಟು ಲೀಡ್ಸ್‌ಗೆ ಹೋಗಲಾ?"

"ನಿಮಗೇನನ್ನಿಸುತ್ತೆ?"

"ನಿಮಗೇನನ್ನಿಸುತ್ತೆ? ನಾವು ಸಮ ಅಲ್ವಾ, ನಾನೂ ಪ್ರಶ್ನೆನೇ ಕೇಳ್ತೀನಿ."

ನಲವತ್ತು ನಿಮಿಷ ಇದೇ ನಡೆಯಿತು. ಅವರು ಮ್ಯಾಂಚೆಸ್ಟರಿನಲ್ಲೇ ಉಳಿದರು. ಮರುದಿನ ನಾನು ಕಂಪ್ಯೂಟರಿನಲ್ಲಿ ಲೀಡ್ಸ್‌ನ ಮನೆ ಹುಡುಕುತ್ತಿದ್ದಾಗ ಹೆಂಡತಿಯ ಕೈಗೆ ಸಿಕ್ಕಿಬಿದ್ದೆ.

ಪರೀಕ್ಷೆ

ಕೊನೆಗೆ ಪರೀಕ್ಷೆ ಬಂತು. ಪರೀಕ್ಷಕಿ ಮನೆಗೆ ಬಂದು, ಸದ್ದಿಲ್ಲದೆ ಹಿಂದೆ ಕೂತು ನೋಡಿ, ಮಾತಾಡದೆ ಹೋಗಿ, ವರದಿ ಕಳಿಸುತ್ತಾರೆ. ಅಂದು ಬೆಳಗ್ಗೆಯೇ, ಕ್ಲೈಂಟ್ ಆಗಿ ಬರಬೇಕಿದ್ದ ಡಬ್ಬಿಯ ಮಹಿಳೆ ಫೋನ್ ಮಾಡಿ, ಮಗುವಿಗೆ ಜ್ವರ, ಬರಲಾಗದು ಎಂದರು. ನಾನು ಹೆಂಡತಿಗೆ ಕೈಮುಗಿದೆ. "ಹತ್ತು ನಿಮಿಷ, ಅಷ್ಟೇ" ಎಂದು ಅವಳು ಬಂದು ಕೂತಳು. ಪರೀಕ್ಷಕಿ ಮೋಟರ್‌ವೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರು. ಅವರು ಬಂದು ಕೂರಲೆಂದು ಬಾಗಿಲು ತೆರೆದಿಟ್ಟು, ನಿಯಮದಂತೆ ಇಂಗ್ಲಿಷಿನಲ್ಲೇ ಶುರುಮಾಡಿದೆವು.

"ನಿನ್ನ ಗುರಿ ಏನು?"

"ನನ್ನದಿರಲಿ. ನಿಮಗ್ಯಾಕೆ ಇಷ್ಟು ಭಯ?"

ಅಷ್ಟೇ ಸಾಕಾಯಿತು. ಜೂನಿಯರ್‌ಗಳು ಮೊದಲ ಸಲ ಸೂಜಿ ಹಿಡಿದಾಗ ನಡುಗುವ ಕೈ, ಅದು ನಿಂತಾಗ ನನಗಾಗುವ ಖುಷಿ, ಈಚೆಗೆ ಅವರು ಅನುಮಾನ ಕೇಳಲು ಬೇರೆಯವರ ಹತ್ತಿರ ಹೋಗುವುದು, ಎಲ್ಲವನ್ನೂ ಅರ್ಧ ಗಂಟೆ ಒಂದೇ ಸಮ ಹೇಳಿಕೊಂಡೆ. ಅವಳು ಸುಮ್ಮನೆ ಕೇಳಿದಳು. ಕೊನೆಗೆ, "ಯಾಕೆ ಬರಲ್ಲ ಅಂತ ಅವರನ್ನೇ ಕೇಳಿದೀರಾ?" ಎಂದಳು.

ಕೇಳಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು. "ನಾಳೆ ಕೇಳ್ತೀನಿ" ಎಂದೆ. ಹಿಂದೆ ಯಾರೋ ಫೈಲ್ ಮುಚ್ಚಿ ಹೊರಹೋದ ಸದ್ದಾಯಿತು. ಪರೀಕ್ಷಕಿ ಯಾವಾಗ ಬಂದಿದ್ದರೋ!

ಮರುದಿನ ಜೂನಿಯರ್‌ಗಳನ್ನು ಕೇಳಿದೆ. ಅವರು ಹೇಳಿದರು. ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ವಾರದ ಮೇಲೆ ವರದಿ ಬಂತು. ಪಾಸ್, ಅದೂ ಅತ್ಯುತ್ತಮ ದರ್ಜೆಯಲ್ಲಿ! ಕುಣಿದಾಡಿ, ಆಮೇಲೆ ಓದಿದೆ. "ಆಕೆ ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ." ಆಕೆ? ಫಾರಂನಲ್ಲಿದ್ದದ್ದು ಡಾಕ್ಟರ್ ಎಂದು, ಮುಂದೆ ನಮ್ಮ ಮನೆತನದ ಹೆಸರು. ಮನೆಯಲ್ಲಿ ಇಬ್ಬರೂ ಅದೇ. ಕುರ್ಚಿ ನೋಡಿ ಕೋಚ್ ಯಾರೆಂದು ತಿಳಿಯೋಣವೆಂದರೆ, ಅವೋ ಟೇಪ್ ಹಿಡಿದು ಅಳೆದವು. ಕೊನೆಯ ಸಾಲು ನನ್ನ ಬಗ್ಗೆ: "ಕ್ಲೈಂಟ್ ಒಳ್ಳೆಯ ಮನುಷ್ಯ, ಆದರೆ ಎದುರಿಗಿದ್ದವರಿಗೆ ಮಾತಾಡಲು ಬಿಡುವುದಿಲ್ಲ."

ವರದಿ ಹಿಡಿದು ಮುಖ್ಯಸ್ಥೆಯ ಬಳಿ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನೀವು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದಿರಂತೆ. ಜೂನಿಯರ್‌ಗಳು ಬಂದು ಹೇಳಿದರು. ಕಲಿಸುವ ಕೆಲಸ ನಿಮಗೇ ಇರಲಿ. ಒಂದೇ ಷರತ್ತು, ಆ ಕೋಚನ್ನು ಬಿಡಬೇಡಿ."

ಮನೆಗೆ ಓಡಿ ಬಂದು ಹೆಂಡತಿಗೆ ಎಲ್ಲ ಹೇಳಿ, "ಮುಂದಿನ ಸೆಷನ್ ಯಾವಾಗ?" ಎಂದೆ.

ಅವಳು ತಲೆ ಎತ್ತದೆ ಹೇಳಿದಳು: "ಎಲ್ಲರ ಹಾಗೆ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿ."