ಒಂದಿಂಚಿನ ರೋಗ

ತಾವರಗೇರಾದ ಟೇಲರ್ ಜಿಲಾನಸಾಬನ ಬಲ ಮೊಣಕಾಲು ಒಂದು ವಾರದಿಂದ ಕಟಕಟ ಅನ್ನುತ್ತಿತ್ತು. ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಮೊಬೈಲಿನಲ್ಲಿ ಒಬ್ಬ ಮಹಾನುಭಾವ, "ನಿಮ್ಮ ಕೀಲು ನೀವೇ ಪರೀಕ್ಷಿಸಿಕೊಳ್ಳಿ, ಎರಡೂ ಕಾಲು ಅಳೆದು ನೋಡಿ" ಎಂದು ಅಪ್ಪಣೆ ಕೊಡಿಸಿದ್ದ. ಮೂವತ್ತು ವರ್ಷ ಊರಿನ ಕೈಕಾಲೆಲ್ಲ ಅಳೆದವನಿಗೆ ತನ್ನ ಕಾಲು ಯಾವ ಲೆಕ್ಕ?

ಚಾಪೆಯ ಮೇಲೆ ಕಾಲು ಚಾಚಿ, ಎರಡೂ ತುದಿಯಿಂದ ಅಂಕಿಯಿದ್ದ ಕೊರಳಿನ ಟೇಪು ತೆಗೆದ. ಅದರ ಒಂದು ತುದಿ ಹಿಡಿದು ಬಲಗಾಲು ಅಳೆದ: ಮೂವತ್ತಾರು. ಇನ್ನೊಂದು ತುದಿ ಹಿಡಿದು ಎಡಗಾಲು ಅಳೆದ: ಮೂವತ್ತೇಳು.

"ದಾವಲಬೀ, ನಾ ಕುಂಟ ಅದೀನಿ!"

"ನಿಕಾ ಆಗಿ ಇಪ್ಪತ್ತೈದು ವರ್ಷ ಆತು, ಈಗ ಗೊತ್ತಾತೇನ್ರಿ?" ಎಂದಳು ಹೆಂಡತಿ. "ಆ ಟೇಪು ಹಳೇದಾಗೈತಿ, ಹೊಸದು ತಗೋರಿ."

"ನನ್ನ ಕಾಲು ತಪ್ಪಬಹುದು, ಟೇಪು ತಪ್ಪೂದಿಲ್ಲ!"

ಸುದ್ದಿ ಕೇಳಿ ಎದುರು ಮನೆಯ ನಿವೃತ್ತ ಮಾಸ್ತರ ಕನಕಪ್ಪ ಓಡಿ ಬಂದ. "ನಾ ಎಂದೋ ನೋಡೀನ್ರಿ ಸಾಬ್ರ, ನೀವು ಬಲಕ್ಕ ವಾಲ್ತೀರಿ. ಮನಸಿಗೆ ಹತ್ತಬಾರದಂತ ಸುಮ್ಮನಿದ್ದೆ."

ಈ ಮನುಷ್ಯ ಹುಟ್ಟಿದಾಗಿನಿಂದ ಯಾವ ವಿಷಯಕ್ಕೂ ಅರ್ಧ ತಾಸು ಸುಮ್ಮನಿದ್ದವನಲ್ಲ. ಗಿಡ್ಡ ಕಾಲನ್ನು ಎತ್ತರಿಸಲು ಪಂಕ್ಚರ್ ಅಂಗಡಿಯ ಉಮರಸಾಬ ಹಳೆ ಟೈರಿನ ಎರಡು ಪದರ ಸೇರಿಸಿ ಬಲ ಚಪ್ಪಲಿಗೆ ಮೊಳೆ ಹೊಡೆದುಕೊಟ್ಟ. ಅದನ್ನು ಮೆಟ್ಟಿ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಪಾಪ, ಏನೂ ಅರಿಯದ ಸೊಂಟವೂ ನೋಯತೊಡಗಿತು.

"ನೋಡ್ರಿ, ರೋಗ ಮ್ಯಾಲೆ ಏರಾಕತ್ತೈತಿ," ಎಂದು ಕನಕಪ್ಪ ಸಮಾಧಾನ ಹೇಳಿದ.

ಅಷ್ಟರಲ್ಲಿ ಬ್ಯಾಂಡ್ ಮಾಸ್ತರ ದೊಡ್ಡಬಸಪ್ಪ ತನ್ನ ಐದು ಜನರೊಂದಿಗೆ ಬಂದ. ಜಿಲಾನಸಾಬ ಮೊನ್ನೆಯಷ್ಟೇ ಹೊಲಿದುಕೊಟ್ಟ ಆರೂ ಜನರ ಹೊಸ ಕೆಂಪು ಪ್ಯಾಂಟು ಕಣಕಾಲಿನ ಮೇಲೆ ನಿಂತಿದ್ದವು.

"ಮಾಮಾ, ಎಲ್ಲಾ ಒಂದಿಂಚು ಗಿಡ್ಡ ಆಗ್ಯಾವು. ಶುಕ್ರವಾರ ಕೊಪ್ಪಳದಾಗ ಮದವಿ ಐತಿ. ಹಿಂಗ ಹೋಗಿ ಊದಿದ್ರ ಮಂದಿ ನಗೂದಿಲ್ಲೇನ್ರಿ?"

ಜಿಲಾನಸಾಬ ಕೊರಳಿನ ಟೇಪು ಸೆಳೆದುಕೊಂಡ. ತಪ್ಪು ತನ್ನದೆಂದಾದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ದೊಡ್ಡಬಸಪ್ಪನ ಪ್ಯಾಂಟಿಗೆ ಟೇಪು ಹಿಡಿದ. ಅಳತೆ ಚೀಟಿಯಲ್ಲಿ ಬರೆದಿದ್ದ ನಲವತ್ತೇ ಬಂತು! ಹೋದ ಜೀವ ಬಂದಂತಾಯಿತು.

"ಪ್ಯಾಂಟು ಬರೋಬ್ಬರಿ ಐತಿ. ನಿಮ್ಮ ಕಾಲು ಬೆಳದಾವು. ಇದೊಂದು ರೋಗ. ನನಗ ಒಂದ ಕಾಲಿಗೆ ಬಂದೈತಿ, ನಿಮಗ ಎರಡಕ್ಕೂ."

"ಆರೂ ಮಂದಿಗೇನ್ರಿ?"

"ಜೋಡಿಲೇ ಹೆಜ್ಜಿ ಹಾಕ್ತೀರಲ್ಲ, ಅಂಟೈತಿ!"

ಹೆದರಿದ ಬ್ಯಾಂಡ್ ಸೆಟ್ಟು ಮಧ್ಯಾಹ್ನದ ಬಸ್ಸಿಗೆ ಕುಷ್ಟಗಿಯ ದವಾಖಾನೆಗೆ ಹೊರಟಿತು. ಮುಂದಾಳು ಜಿಲಾನಸಾಬನೇ. ಬಸ್ಸಿನಲ್ಲಿ ಕೇಳಿದವರಿಗೂ ಕೇಳದವರಿಗೂ ರೋಗದ ಲಕ್ಷಣ ವಿವರಿಸುತ್ತ ಹೋದ.

ಡಾಕ್ಟರ್ ಅಮೃತಾ ಮೊದಲು ಅವನನ್ನೇ ಮಲಗಿಸಿ, ತಮ್ಮ ಟೇಪಿನಿಂದ ಎರಡು ಸಲ ಅಳೆದರು. ಬ್ಯಾಂಡಿನವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು.

"ಎರಡೂ ಕಾಲು ಸಮ ಅದಾವಲ್ರಿ! ಯಾವುದರಿಂದ ಅಳದಿದ್ರಿ?"

ಜಿಲಾನಸಾಬ ಹೆಮ್ಮೆಯಿಂದ ಕೊರಳಿನ ಟೇಪು ಕೊಟ್ಟ. ಡಾಕ್ಟರು ಅದರ ಎರಡೂ ತುದಿ ನೋಡಿ ನಕ್ಕುಬಿಟ್ಟರು.

"ಈ ಕಡೆ ತುದಿ ಒಂದಿಂಚು ಯಾರೋ ಕತ್ತರಿಸ್ಯಾರ, ಅಳತಿ ಒಂದರಿಂದನ ಶುರು ಆಗತೈತಿ. ಕುಂಟ ಆಗಿದ್ದು ನೀವಲ್ಲ, ನಿಮ್ಮ ಟೇಪು."

ಚಿಂದಿಯಾದ ತುದಿಯನ್ನು ಹೋದ ವಾರ ದಾವಲಬೀ ಕತ್ತರಿಸಿ ಚೊಕ್ಕ ಮಾಡಿದ್ದು ಅವನಿಗೆ ಈಗ ನೆನಪಾಯಿತು. ಕಾಲು ಸರಿಯಿದೆ ಎಂಬ ಸಂತೋಷಕ್ಕೆ ಕುಣಿಯಬೇಕೆನ್ನುವಷ್ಟರಲ್ಲಿ ಬಾಗಿಲಿನಿಂದ ದನಿ ಬಂತು.

"ಹಂಗಾರ ಮಾಮಾ, ನಮ್ಮ ಪ್ಯಾಂಟು ಯಾವ ತುದಿಯಿಂದ ಕತ್ತರಿಸಿದ್ರಿ?"

ಉತ್ತರ ಕೊಡುವುದಕ್ಕಿಂತ ಓಡುವುದು ಸುಲಭವೆನಿಸಿತು. ಸಮ ಎಂದು ಡಾಕ್ಟರೇ ಹೇಳಿದ ಕಾಲುಗಳು. ಚಪ್ಪಲಿ ಮೆಟ್ಟಿ, ಆರು ಜನರ ನಡುವೆ ನುಗ್ಗಿ, ಮೆಟ್ಟಿಲಿಗೆ ಧುಮುಕಿದ. ಬಲಗಾಲಿಗೆ ಉಮರಸಾಬನ ಟೈರು ಇದ್ದದ್ದು ಎರಡನೇ ಮೆಟ್ಟಿಲಲ್ಲಿ ನೆನಪಾಯಿತು.

ಸಂಜೆ ಅದೇ ಆರು ಜನ ಹೊತ್ತು ತಂದು ಮನೆಯಲ್ಲಿ ಇಳಿಸಿದಾಗ, ಜಿಲಾನಸಾಬನ ಬಲಗಾಲು ಪ್ಲಾಸ್ಟರಿನಲ್ಲಿತ್ತು. ಕನಕಪ್ಪ ಬಾಗಿಲಲ್ಲೇ ಕಾದಿದ್ದ.

"ನಾ ಮುಂಜಾನೇನ ಹೇಳಿದ್ದಿಲ್ಲೇನ್ರಿ ಸಾಬ್ರ, ನಿಮಗ ಬಲಗಾಲೇ ದೋಷ ಅಂತ?"