ಸೊಪ್ಪಣ್ಣನ ನೀರುಳಿತಾಯ

ಸೊಪ್ಪಿಗೆ ಗಳಿಗೆಗೊಮ್ಮೆ ನೀರು ಚಿಮುಕಿಸುವ ಚಾಳಿಯೇ ಅವನಿಗೆ ಮುಳುವಾಯಿತು. ದೊಡ್ಡ ಅಂಗಡಿಯೊಂದರ ತರಕಾರಿ ವಿಭಾಗ ಅವನದು. ಜೊತೆಯವರೆಲ್ಲ ಸೊಪ್ಪಣ್ಣ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಮ್ಯಾನೇಜರು ಅವನನ್ನು ಒಳಗೆ ಕರೆದರು.

"ಸಂಜೆ ಹೆಡ್ಡಾಫೀಸಿನ ಮೇಡಂ ನೀರಿನ ಮೀಟರ್ ನೋಡೋಕೆ ಬರ್ತಾರೆ. ಇವತ್ತೂ ನೀರು ಪೋಲಾದ್ರೆ ನಿಮ್ಮನ್ನ ಊರಾಚೆ ಗೋದಾಮಿಗೆ ಹಾಕ್ತೀನಿ, ನೋಡ್ತಿರಿ!"

ಸೊಪ್ಪಣ್ಣನಿಗೆ ಗೋದಾಮಿನ ಹೆಸರೆತ್ತಿದರೇ ಭಯ. ಅಲ್ಲಿ ತರಕಾರಿ ಕೆಡದಿರಲೆಂದು ಹಗಲೂ ರಾತ್ರಿ ಹಲ್ಲು ಕಟಕಟಿಸುವ ಚಳಿ. ಇವನದೋ ಫ್ರಿಜ್ಜಿನ ಬಾಗಿಲು ತೆರೆದರೂ ಸಾಲಾಗಿ ಸೀನುವ ಮೂಗು. ಸೀದಾ ಹಿಂಬದಿಗೆ ಹೋಗಿ ಮೇನ್ ವಾಲ್ವನ್ನೇ ಬಂದ್ ಮಾಡಿ, ಅದರ ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಜೇಬಿಗಿಳಿಸಿದ.

ಮೊದಲು ಬಂದವನು ಮೀನಿನ ಕೌಂಟರಿನವನು. "ಮೀನು ತೊಳಿಯೋಕೆ ಹನಿ ನೀರಿಲ್ಲ ಕಣೋ!"

"ಸಂಜೆ ತನಕ ತಡ್ಕೊಳೋ ಮಾರಾಯ."

"ನಾನು ತಡ್ಕೋತೀನಪ್ಪ. ಮೀನು ತಡ್ಕೋಬೇಕಲ್ಲ?"

ಅವನ ಹಿಂದೆಯೇ ಕಸ ಗುಡಿಸುವ ಅಕ್ಕ ಗಿರಾಕಿ ಹೆಂಗಸೊಬ್ಬಳನ್ನು ಕರೆತಂದಳು. ಗಿರಾಕಿಯ ಮೊಣಕೈವರೆಗೂ ಸೋಪಿನ ನೊರೆ.

"ಇವರು ನಲ್ಲಿ ತಿರುಗಿಸಿದ್ರೆ ಬುಸ್ ಅಂತ ಬರೀ ಗಾಳಿ ಬಂತಂತೆ. ಏನ್ ಮಾಡ್ಲಿ?"

ಸೊಪ್ಪಣ್ಣ ಒರೆಸಿಕೊಳ್ಳಲು ಕೋಸಿನ ಎಲೆ ಕೊಟ್ಟ. ಆಕೆ ಅದನ್ನು ಅವನ ಮುಖಕ್ಕೇ ಎಸೆದು ಹೋದಳು.

ಮಧ್ಯಾಹ್ನದ ಹೊತ್ತಿಗೆ ಸೊಪ್ಪೆಲ್ಲ ಪರೀಕ್ಷೆಯಲ್ಲಿ ಫೇಲಾದವರಂತೆ ತಲೆ ತಗ್ಗಿಸಿತು. ಬಾಡಿದ ಸೊಪ್ಪು ಕಂಡರೂ ಗೋದಾಮೇ ಗತಿ. ದಿಕ್ಕು ತೋಚದೆ ಮೀನಿನವನ ಬಳಿಗೆ ಓಡಿ, ಮೀನಿನಡಿಯ ಐಸು ಕರಗಿದ ನೀರನ್ನು ಬಕೆಟ್ಟಿಗೆ ಬಸಿದುಕೊಂಡು ಬಂದು ಸೊಪ್ಪಿಗೆ ಚಿಮುಕಿಸಿದ. ಸೊಪ್ಪು ತಲೆಯೆತ್ತಿತು, ಜೊತೆಗೆ ವಾಸನೆಯೂ ಎದ್ದಿತು.

ಸಂಜೆಯಾಗುತ್ತಲೇ ಮೇಡಂ ಬಂದೇ ಬಿಟ್ಟರು. ಮೀಟರು ಬೆಳಿಗ್ಗೆಯಿಂದ ಅಲುಗಾಡಿರಲಿಲ್ಲ. ಅವರು ಹುಬ್ಬೇರಿಸಿ ತರಕಾರಿಯ ಕಡೆ ಬಂದು, ಒಂದು ಕಟ್ಟು ಸೊಪ್ಪನ್ನು ಮೂಗಿಗೆ ಹಿಡಿದರು.

"ಏನಿದು?"

"ತಪ್ಪಾಯ್ತು ಮೇಡಂ. ಮೀನಿನ ಐಸ್ ನೀರು."



"ಮರುಬಳಕೆ!" ಮೇಡಂ ಮುಖ ಅರಳಿತು. "ವಾಸನೆ ವಿಷಯ ಆಮೇಲೆ ನೋಡೋಣ. ರೀ ಮ್ಯಾನೇಜರೇ, ಇಂಥವರನ್ನ ಇಲ್ಲಿ ಸೊಪ್ಪು ಕಾಯೋಕೆ ಬಿಟ್ಟಿದೀರಲ್ಲ! ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚು ನೀರು ಖರ್ಚಾಗೋದು ಊರಾಚೆ ತರಕಾರಿ ತೊಳಿಯೋ ಗೋದಾಮಲ್ಲಿ. ನಾಳೆಯಿಂದ ಅಲ್ಲಿ ನೀರುಳಿತಾಯಕ್ಕೆ ಇವರೇ ಮುಖ್ಯಸ್ಥರು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮೀನಿನವನು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಸೊಪ್ಪಣ್ಣ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಸೀನು.