ನಮ್ಮ ಭಾವನ ಶಾರ್ಟ್‌ಕಟ್‌ಗಳು

ನಮ್ಮ ಭಾವನಿಗೆ ಹುಚ್ಚು ಹಿಡಿದಿಲ್ಲ. ಹಿಡಿದಿದ್ದರೆ ಎಷ್ಟೋ ಚೆನ್ನಾಗಿತ್ತು! ಹುಚ್ಚಿಗಾದರೆ ಡಾಕ್ಟರಿದ್ದಾರೆ, ಮಾತ್ರೆಯಿದೆ. ಆದರೆ ದಿನ ಬೆಳಗಾದರೆ ಕಂಪ್ಯೂಟರಿನ ಶಾರ್ಟ್‌ಕಟ್ ಕೀಗಳನ್ನು ಬದಲಾಯಿಸುವ ಮನುಷ್ಯನನ್ನು ಯಾವ ಆಸ್ಪತ್ರೆಗೆ ಸೇರಿಸಬೇಕು, ನೀವೇ ಹೇಳಿ.

ಸೂಲಿಬೆಲೆಯಲ್ಲಿ ನಮ್ಮದೊಂದು ಫ್ಲೆಕ್ಸ್ ಅಂಗಡಿ ಇದೆ. ಬ್ಯಾನರ್, ಮದುವೆ ಕಾರ್ಡು, ನಾಮಕರಣದ ಕಾರ್ಡು ಎಲ್ಲ ಮಾಡುತ್ತೇವೆ. ಅಂಗಡಿ ಭಾವನದು, ಅದಕ್ಕೆ ಹೆಸರು ತಂದವಳು ಮಾತ್ರ ನನ್ನ ಅಕ್ಕ. ಡಿಸೈನೆಲ್ಲ ಅವಳದೇ. ಅವಳು ಕಂಪ್ಯೂಟರಿನ ಮುಂದೆ ಕೂತರೆ ಗಿರಾಕಿಗಳು ಟೀ ಆರುವುದನ್ನೂ ಮರೆತು ನೋಡುತ್ತಿದ್ದರು. ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಅವಳು ಮನೆಯಲ್ಲಿ ಉಳಿದಳು, ಅವಳ ಕುರ್ಚಿಗೆ ನಾನು ಬಂದೆ. ಭಾವನ ಕೀ ಬದಲಾಯಿಸುವ ಕಾಯಿಲೆ ಶುರುವಾದದ್ದೂ ಆಗಲೇ.

ಯಾವ ಕೀ ಒತ್ತಿದರೆ ಏನಾಗಬೇಕು ಅಂತ ಸಾಫ್ಟ್‌ವೇರ್ ಕಂಪನಿಯವರೇ ಗೊತ್ತುಮಾಡಿ ಕಳಿಸಿರುತ್ತಾರೆ. ಲೋಕವೆಲ್ಲ ಅದನ್ನೇ ಒತ್ತಿಕೊಂಡು ಸುಖವಾಗಿದೆ. ಭಾವನಿಗೆ ಮಾತ್ರ ಅದು ಒಪ್ಪಿಗೆಯಿಲ್ಲ.

"ಲೇ, ಈ ಕೀಗಳನ್ನ ಇಟ್ಟೋನು ಅನುಗೊಂಡನಹಳ್ಳಿ ಗೃಹಪ್ರವೇಶಕ್ಕೆ ಒಂದಾದ್ರೂ ಬ್ಯಾನರ್ ಮಾಡಿದಾನೇನೋ?"

"ಅವನ್ಯಾಕೆ ಮಾಡ್ತಾನೆ ಭಾವ?"

"ಮತ್ತೆ ಅವನು ಹೇಳಿದ ಕೀನ ನಾವ್ಯಾಕೆ ಒತ್ತಬೇಕು?"

ಇದಕ್ಕೆ ಉತ್ತರ ಗೊತ್ತಿದ್ದವರು ದಯವಿಟ್ಟು ಅಂಗಡಿಗೆ ಬನ್ನಿ, ಟೀ ನಾನು ಕುಡಿಸುತ್ತೇನೆ.

ಮೊದಲು ಬಲಿಯಾದದ್ದು ಸ್ಪೇಸ್‌ಬಾರ್. ನಮ್ಮ ಕೆಲಸದಲ್ಲಿ ಆ ಉದ್ದನೆಯ ಕೀ ಒತ್ತಿದರೆ ಚಿತ್ರವನ್ನು ಹಿಡಿದು ಸರಿಸುವ ಬಾಣ ಬರಬೇಕು. ಹೆಬ್ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಭಾವ ಅದಕ್ಕೆ ಅಂಡೂ ಕೊಟ್ಟುಬಿಟ್ಟರು, ಅಂದರೆ ಈಗಷ್ಟೇ ಮಾಡಿದ್ದನ್ನು ಅಳಿಸಿ ಹಿಂದಕ್ಕೆ ಹೋಗುವ ಆಜ್ಞೆ! "ಮನುಷ್ಯ ಜಾಸ್ತಿ ಮಾಡೋದೇ ತಪ್ಪು ಕಣೋ. ದೊಡ್ಡ ಕೀ ಅದಕ್ಕೇ ಇರಬೇಕು" ಅಂದರು. ನನ್ನ ಕೆಲಸದ ಮೇಲೆ ಅವರಿಗಿರುವ ನಂಬಿಕೆಗೆ ನಾನು ಕೈ ಮುಗಿದೆ. ಅವತ್ತು ಹೆಣ್ಣಿನ ತಂದೆಯೊಬ್ಬರು ಹಿಂದೆ ನಿಂತು ಮದುವೆ ಕಾರ್ಡು ನೋಡುತ್ತಿದ್ದರು. ನನ್ನ ಹೆಬ್ಬೆರಳು ಹಳೇ ಚಾಳಿ ಬಿಡಲಿಲ್ಲ. ಮೊದಲು ತೋರಣ ಹೋಯಿತು, ಆಮೇಲೆ ವಾಲಗದವರು ಹೋದರು, ಕೊನೆಗೆ ಗಂಡಿನ ಹೆಸರೂ ಹೋಯಿತು. "ಏನಪ್ಪಾ, ಗಂಡಿನ ಕಡೆಯೋರು ಏನಾದ್ರೂ ಫೋನ್ ಮಾಡಿದ್ರಾ?" ಅಂತ ಅವರು ಗಾಬರಿಯಿಂದ ಕೇಳಿದರು.

ಮುಂದಿನ ವಾರ ಕನ್ನಡಾಭಿಮಾನ! "ಇಂಗ್ಲಿಷ್ ಪದಾನೆಲ್ಲ ಯಾರು ನೆನಪಿಟ್ಕೊಳ್ತಾರೆ? ಡಿ ಅಂದ್ರೆ ದೊಡ್ಡದು ಮಾಡು, ಎಸ್ ಅಂದ್ರೆ ಸಣ್ಣದು ಮಾಡು, ಟಿ ಅಂದ್ರೆ ತೆಗಿ. ಮರೆತೇನಂದ್ರೂ ಮರೆಯಲ್ಲ." ಮರೆಯುವುದಿಲ್ಲ, ಸರಿ. ಆದರೆ ಕೀಬೋರ್ಡಿನಲ್ಲಿ ಡಿ ಮತ್ತು ಎಸ್ ಅಕ್ಕಪಕ್ಕದ ಮನೆಯವರು! ನಮ್ಮ ಕಡೆ ಬ್ಯಾನರ್ ಅಂದರೆ ಅಕ್ಷರವಲ್ಲ ಸ್ವಾಮಿ, ಮುಖ. ಯಾರ ಮುಖ ಎಷ್ಟು ದೊಡ್ಡದು ಅನ್ನುವುದರ ಮೇಲೆ ಊರಿನ ಶಾಂತಿ ನಿಂತಿರುತ್ತದೆ. ಹಾಲಿನ ಡೈರಿ ಅಧ್ಯಕ್ಷರ ಹುಟ್ಟುಹಬ್ಬದ ಬ್ಯಾನರು ಬಂತು. ಅವರ ಕಡೆಯ ಹುಡುಗರು ಹಿಂದೆ ನಿಂತು "ಅಣ್ಣನ್ನ ಇನ್ನೂ ದೊಡ್ಡದು ಮಾಡು ಗುರು, ಕರೆಂಟ್ ಹೋಗ್ಬಿಡುತ್ತೆ, ಬೇಗ" ಅಂತ ಪ್ರಾಣ ತಿಂದರು. ಒತ್ತಿದೆ, ತಿರುಗಿಯೂ ನೋಡದೆ ಪ್ರಿಂಟಿಗೆ ಕೊಟ್ಟೆ. ಸಂಜೆ ಸರ್ಕಲ್ಲಿನಲ್ಲಿ ಬ್ಯಾನರ್ ಬಿಚ್ಚಿ ಕಟ್ಟಿದರೆ ಶುಭ ಕೋರುವವರೆಲ್ಲ ಕುಂಬಳಕಾಯಿ ಗಾತ್ರ, ಅಧ್ಯಕ್ಷರು ಮಾತ್ರ ನಿಂಬೆಹಣ್ಣು! ಪಾಪ, ಅಧ್ಯಕ್ಷರೇ ಅಂಗಡಿಗೆ ಬಂದರು. ಕೂಗಾಡಲಿಲ್ಲ. "ನನ್ನ ಹುಟ್ಟುಹಬ್ಬಕ್ಕೆ ನಾನೇ ಬಂದಿಲ್ವಲ್ಲಪ್ಪಾ" ಅಂದರು.

ಇಷ್ಟಾದ ಮೇಲೂ ಭಾವ ನಿಲ್ಲಿಸಿದರೇ? ಒಂದು ಬೆಳಗ್ಗೆ ಬಂದು ನೋಡುತ್ತೇನೆ, ಎಲ್ಲ ಆಜ್ಞೆಗಳೂ ಕೀಬೋರ್ಡಿನ ಬಲಗಡೆಯ ಅಂಕಿಗಳ ಗುಂಪಿಗೆ ಗುಳೆ ಹೋಗಿವೆ. ಎಂಟರ ಮೇಲೆ "ದೊ", ಎರಡರ ಮೇಲೆ "ಸ" ಅಂತ ಸ್ಟಿಕ್ಕರ್ ಕತ್ತರಿಸಿ ಅಂಟಿಸಿದ್ದಾರೆ. ಅಂಡೂ ಬಂದು ಕೆಳಗಿನ ದಪ್ಪ ಸೊನ್ನೆಯಲ್ಲಿ ಕೂತಿದೆ. ಮೌಸ್ ಹಿಡಿಯುವುದೂ ಬಲಗೈ, ಕೀ ಒತ್ತುವುದೂ ಬಲಗೈ! ನನಗೆ ಅಳು ಬರುವುದೊಂದು ಬಾಕಿ.

"ಎಡಗೈನ ತೊಡೆ ಮೇಲಿಟ್ಕೊಂಡು ಮಾಡು, ನೋಡೋಣ" ಅಂದರು.

"ಎಡಗೈ ಏನು ಕಡ್ಲೇಕಾಯಿ ಸುಲಿಯೋಕಾ ಭಾವ?"

ಎಲ್ಲದಕ್ಕೂ ವಾದ ಇಟ್ಟುಕೊಂಡಿರುವ ಭಾವ ಆವತ್ತು ಎದ್ದು ಹೊರಗೇ ಹೋಗಿಬಿಟ್ಟರು. ಗೆದ್ದೆ ಅಂದುಕೊಂಡೆ. ವಾಪಸ್ ಬಂದ ಮೇಲೆ ಖಡಾಖಂಡಿತವಾಗಿ ಹೇಳಿದೆ: "ಕಂಪನಿ ಕೊಟ್ಟ ಕೀನೇ ಇರಬೇಕು. ಇಲ್ದಿದ್ರೆ ನಾನು ಹೊಸಕೋಟೇಲಿ ಬೇರೆ ಅಂಗಡಿ ನೋಡ್ಕೊಳ್ತೀನಿ."

"ಭಾನುವಾರದವರೆಗೂ ತಡ್ಕೊಳೋ" ಅಂದರು. ದನಿ ತೀರಾ ಸಣ್ಣದಾಗಿತ್ತು.

ಭಾನುವಾರ ನಾನೇ ಮೊದಲು ಹೋಗಿ ಬಾಗಿಲು ತೆಗೆದೆ. ಎಲ್ಲವನ್ನೂ ಮೊದಲಿನಂತೆ ಮಾಡುವ ಬಟನ್ ಒಂದಿದೆ, ಅದನ್ನು ಹುಡುಕಿ ಇಟ್ಟಿದ್ದೆ. ಬಾಣವನ್ನು ಅದರ ಮೇಲೆ ತಂದು ನಿಲ್ಲಿಸುವಷ್ಟರಲ್ಲಿ ಹೊರಗೆ ಆಟೋ ನಿಂತಿತು. ಭಾವ ಅಕ್ಕನನ್ನು ಹಿಡಿದುಕೊಂಡು ಇಳಿಸುತ್ತಿದ್ದರು.

ಅಕ್ಕನ ಎಡಗೈ ಸೆರಗಿನೊಳಗಿತ್ತು. ನಾನು ಕುರ್ಚಿ ಬಿಟ್ಟು ಎದ್ದೆ. ಭಾವ ಅವಳನ್ನು ಕೂರಿಸಿ, ಆ ಕೈಯನ್ನು ಹುಷಾರಾಗಿ ಎತ್ತಿ ಅವಳ ತೊಡೆಯ ಮೇಲಿಟ್ಟರು. ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಲಕ್ವದ ಜೊತೆಗೇ ಅವಳಿಗೆ ಇಂಗ್ಲಿಷ್ ಪದಗಳು ಮರೆತುಹೋಗಿದ್ದವು. ಈಗ ಅವಳಿಗೆ ಉಳಿದಿದ್ದದ್ದು ಬಲಗೈ ಒಂದೇ.

"ನಂಗ್ಯಾಕೆ ಮೊದ್ಲೇ ಹೇಳ್ಲಿಲ್ಲ ಭಾವ?" ಮೆಲ್ಲಗೆ ಕೇಳಿದೆ.

"ಅವಳ ಕಿವಿಗೆ ಬಿದ್ದು ಆಸೆ ಇಟ್ಕೊಂಡ್ಬಿಟ್ರೆ? ಆಗ್ದೇ ಹೋಗಿದ್ರೆ?"

ಅಕ್ಕ ಒಂದು ಮಾವಿನೆಲೆ ಬರೆಯಲು ಹೊರಟಳು. ಅದು ಸೊಟ್ಟಗಾಯಿತು. "ಹೆದರ್ಬೇಡ, ಸೊನ್ನೆ ಒತ್ತು" ಅಂದರು ಭಾವ. ಒತ್ತಿದಳು. ಮತ್ತೆ ಬರೆದಳು, ಮತ್ತೆ ಒತ್ತಿದಳು. ಹಿಂದೆ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ತೋರಣ ಕಟ್ಟುತ್ತಿದ್ದವಳಿಗೆ ಒಂದು ಎಲೆ ಬರಲು ಮಧ್ಯಾಹ್ನವಾಯಿತು. ಆ ಒಂದು ಎಲೆ ಚೆನ್ನಾಗಿತ್ತು. ಅದನ್ನೇ ನೋಡುತ್ತ ಅವಳು ತೊದಲುತ್ತ ಕೇಳಿದಳು:

"ರೀ, ನನ್ ಕೈಗೂ... ಇಂಥದೊಂದು ಸೊನ್ನೆ ಇಲ್ವೇನ್ರೀ?"

ಭಾವ ಕೀಬೋರ್ಡನ್ನು ಅವಳ ಬಲಗೈಯ ಹತ್ತಿರಕ್ಕೆ ಸರಿಸಿದರು. "ಹುಡುಕ್ತಾ ಇದೀನಿ ಕಣೇ" ಅಂದರು.

ನಾನು ಆ ಬಟನ್ ಒತ್ತಲಿಲ್ಲ. ಕೆಲಸ ಈಗಲೂ ಆಮೆಯಂತೆಯೇ ಸಾಗುತ್ತಿದೆ, ಗಿರಾಕಿಗಳು ಬೈಯುತ್ತಿದ್ದಾರೆ. ಅಕ್ಕ ಬರದ ದಿನ ನಾನೇ ಆ ಕುರ್ಚಿಯಲ್ಲಿ ಕೂರುತ್ತೇನೆ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು.